ಉಳಿಸಿದ ಗಂಟೆ ಯಾರದು?

ಭದ್ರಾವತಿಯಲ್ಲಿ ನನ್ನ ಅಣ್ಣನಿದ್ದಾನೆ. ಕಾಗದದ ಕಾರ್ಖಾನೆಯಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ದುಡಿದು ನಿವೃತ್ತನಾದವನು. ಎರಡು ವರ್ಷಗಳ ಹಿಂದೆ ಎದೆನೋವು ಕಾಣಿಸಿಕೊಂಡು ಅವನನ್ನು ಶಿವಮೊಗ್ಗದ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದಾರೆಂಬ ಸುದ್ದಿ ಬಂದಾಗ ನಾನು ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದೆ. ರಾತ್ರಿಯ ರೈಲಿಗೆ ಹೊರಡುತ್ತೇನೆಂದು ನಾನು ಹೇಳುವಷ್ಟರಲ್ಲಿ ಮಗಳು ಮರುದಿನದ ವಿಮಾನಕ್ಕೆ ಟಿಕೆಟ್ ಮಾಡಿಸಿಬಿಟ್ಟಿದ್ದಳು. ನಮ್ಮೂರಿಗೆ ವಿಮಾನದಲ್ಲಿ ಹೋಗುವ ಕಾಲವೊಂದು ಬರುವುದೆಂದು ನಾನು ಎಣಿಸಿರಲಿಲ್ಲ. ಹೋದೆ. ಅಣ್ಣ ಹಾಸಿಗೆಯ ಮೇಲೆ ಎದ್ದು ಕುಳಿತಿದ್ದ, ಗಂಡಾಂತರ ಕಳೆದಿತ್ತು.

“ಏನೋ, ವಿಮಾನದಲ್ಲಿ ಬಂದ್ಯಂತೆ! ಎಷ್ಟೊತ್ತು ಹಿಡೀತು?”

“ಒಂದು ಗಂಟೆ ಚಿಲ್ಲರೆ ಅಣ್ಣ.”

“ರೈಲಲ್ಲಾದ್ರೆ ಐದು ಗಂಟೆ. ಮಿಕ್ಕಿದ್ದು ಎಲ್ಲಿಟ್ಟೆ?”

ವಾರ್ಡಿನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಲೆಕ್ಕ ಹಾಕಿ ನೋಡಿದೆ. ಮನೆಯಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಎರಡು ಗಂಟೆ. ಅಲ್ಲಿ ತಪಾಸಣೆ, ಸಾಲು, ಕಾಯುವಿಕೆ ಎಂದು ಒಂದೂವರೆ ಗಂಟೆ. ಆಕಾಶದಲ್ಲಿ ಒಂದು ಗಂಟೆ ಚಿಲ್ಲರೆ. ಸೋಗಾನೆಯಿಂದ ಆಸ್ಪತ್ರೆಗೆ ಮತ್ತಿಷ್ಟು ಹೊತ್ತು. ಒಟ್ಟು ಐದು ಗಂಟೆ! ಅಣ್ಣ ನನ್ನಿಂದ ಕೇಳಿದ ನಾಲ್ಕು ಗಂಟೆಗಳನ್ನು ನಾನು ಉಳಿಸಿಯೇ ಇರಲಿಲ್ಲ. ಉಳಿಸಿದೆನೆಂಬ ಭಾವನೆಯೊಂದನ್ನು ಮಾತ್ರ ಕೊಂಡುಕೊಂಡಿದ್ದೆ.

ಶಿವಮೊಗ್ಗದ ವಿಮಾನನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಸುಮಾರು 450 ಕೋಟಿ ರೂಪಾಯಿ ವೆಚ್ಚ, ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ, ಕಮಲದ ಆಕಾರದ ಕಟ್ಟಡ. ಅದಕ್ಕೆ ರಾಷ್ಟ್ರಕವಿ ಕುವೆಂಪು ಅವರ ಹೆಸರಿಟ್ಟಿದ್ದಾರೆ. 1967ರಲ್ಲಿ ಬಂದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಮೊದಲ ಪುಟ ಅವಸರವನ್ನು ಕುರಿತು ಏನು ಹೇಳುತ್ತದೆಂಬುದನ್ನು ಓದಿದವರು ಬಲ್ಲರು. ಆ ಮಹಾನುಭಾವರು ಇದನ್ನು ಕಂಡಿದ್ದರೆ ಮುಗುಳ್ನಗುತ್ತಿದ್ದರೇನೋ. ಹಾಗೆಂದು ನಾನು ವಿಮಾನವನ್ನು ಹಳಿಯಲು ಕುಳಿತಿಲ್ಲ. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ರೈಲು ಬಂದಾಗಲೂ ‘ನಮಗೇಕೆ ಇಷ್ಟು ವೇಗ’ ಎಂದವರು ಇದ್ದಿರಬಹುದು. ಆ ರೈಲೇ ಮುಂದೆ ಭದ್ರಾವತಿಯ ಕಬ್ಬಿಣವನ್ನೂ ಕಾಗದವನ್ನೂ ನಾಡಿಗೆ ಮುಟ್ಟಿಸಿತು. ನಮ್ಮ ಮಕ್ಕಳನ್ನು ಕಾಲೇಜಿಗೆ ಕೊಂಡೊಯ್ದಿತು. ವೇಗ ಕೆಟ್ಟದ್ದೆಂದು ಹೇಳುವುದು ಸುಲಭ. ಆಂಬ್ಯುಲೆನ್ಸ್ ಬೇಕಾದ ದಿನ ಆ ಮಾತು ಯಾರ ಬಾಯಿಯಿಂದಲೂ ಹೊರಡದು.

ಸಣ್ಣ ಊರಿನವನ ಸಮಯಕ್ಕೂ ಬೆಲೆಯಿದೆ ಎಂಬ ನಂಬಿಕೆಯಿಂದಲೇ ಜಗತ್ತಿನಲ್ಲಿ ಒಂದು ವಿಚಿತ್ರ ಪ್ರಯೋಗ ನಡೆದಿತ್ತು. ಅಮೆರಿಕದ ಫ್ಲೋರಿಡಾದಲ್ಲಿ 2007ರ ಅಕ್ಟೋಬರಿನಲ್ಲಿ ‘ಡೇಜೆಟ್’ ಎಂಬ ಸಂಸ್ಥೆ ವಿಮಾನ ಟ್ಯಾಕ್ಸಿ ಸೇವೆಯನ್ನು ಆರಂಭಿಸಿತು. ಅದನ್ನು ಸ್ಥಾಪಿಸಿದ ಎಡ್ ಇಯಾಕೊಬುಚ್ಚಿ ಕಂಪ್ಯೂಟರ್ ಲೋಕದಿಂದ ಬಂದವರು. ಅವರ ವಿಮಾನಗಳು ‘ಎಕ್ಲಿಪ್ಸ್ 500’ ಎಂಬ ಅತಿ ಹಗುರ ಜೆಟ್‌ಗಳು: ಎರಡು ಪುಟ್ಟ ಎಂಜಿನ್, ಇಬ್ಬರು ಪೈಲಟ್‌ಗಳು, ಮೂವರು ಪ್ರಯಾಣಿಕರು, ಹೆಚ್ಚೆಂದರೆ ದೊಡ್ಡ ಕಾರೊಂದರಷ್ಟು ಜಾಗ. ಗೇನ್ಸ್‌ವಿಲ್, ಟಾಲಹಾಸಿ, ಪೆನ್ಸಕೋಲಾ, ಲೇಕ್‌ಲ್ಯಾಂಡ್‌ಗಳಂಥ ಮಧ್ಯಮ ಗಾತ್ರದ ಊರುಗಳ ನಡುವೆ ಅವು ಹಾರುತ್ತಿದ್ದವು. ದೊಡ್ಡ ವಿಮಾನ ಕಂಪನಿಗಳು ಎಲ್ಲರನ್ನೂ ಮೊದಲು ಮಹಾನಗರಕ್ಕೆ ಎಳೆದುಕೊಂಡು ಅಲ್ಲಿಂದ ಹಂಚುತ್ತವೆ. ಶಿವಮೊಗ್ಗದವನು ಬೀದರಿಗೆ ಹಾರಬೇಕಾದರೆ ಬೆಂಗಳೂರನ್ನು ಬಳಸಿಯೇ ಹೋಗಬೇಕಾಗುವಂತೆ! ಡೇಜೆಟ್ ಈ ಸುತ್ತುದಾರಿಯನ್ನು ಕತ್ತರಿಸಿತು. ಇಡೀ ವಿಮಾನವನ್ನು ಬಾಡಿಗೆಗೆ ಹಿಡಿಯಬೇಕಿಲ್ಲ, ಒಂದು ಆಸನಕ್ಕೆ ಹಣ ತೆತ್ತರೆ ಸಾಕು, ವೇಳಾಪಟ್ಟಿಯ ಕಟ್ಟುಪಾಡಿಲ್ಲ ಎಂಬುದು ಅದರ ಹೆಗ್ಗಳಿಕೆ. ನಮ್ಮಲ್ಲಿ ಶಿವಮೊಗ್ಗ–ತಾಳಗುಪ್ಪ ಹಳಿಯ ಮೇಲೆ ಹಿಂದೆ ಓಡುತ್ತಿದ್ದ ರೈಲ್‌ಬಸ್ಸನ್ನು ಹಿರಿಯರು ನೆನೆಯಬಹುದು. ಪ್ರಯಾಣಿಕರು ಕಡಿಮೆಯೆಂದು ಊರನ್ನೇ ಕೈಬಿಡದೆ ಬಂಡಿಯನ್ನು ಚಿಕ್ಕದು ಮಾಡಿದ ವಿವೇಕ ಅದರಲ್ಲಿತ್ತು.

ಆ ಸಂಸ್ಥೆಯ ದರ ನಿಗದಿಯ ರೀತಿಯೇ ನನಗೆ ಹೆಚ್ಚು ಯೋಚನೆಗೆ ಹಚ್ಚಿದ್ದು. ‘ಎಷ್ಟು ಹೊತ್ತಿಗೆ ಮೊದಲು ಹೊರಡಲಾರಿರಿ, ಎಷ್ಟು ಹೊತ್ತಿನೊಳಗೆ ಮುಟ್ಟಲೇಬೇಕು’ ಎಂದು ಅದು ಪ್ರಯಾಣಿಕನನ್ನು ಕೇಳುತ್ತಿತ್ತು. ಈ ಎರಡರ ನಡುವಿನ ಅಂತರ ಹೆಚ್ಚಿದ್ದಷ್ಟೂ ದರ ಕಡಿಮೆ. ಅಂತರ ಕಿರಿದಾದಷ್ಟೂ ದುಬಾರಿ. ಕಾಯಬಲ್ಲವನಿಗೆ ಅಗ್ಗ, ಕಾಯಲಾರದವನಿಗೆ ತುಟ್ಟಿ. ಮೇಲ್ನೋಟಕ್ಕೆ ಇದು ನ್ಯಾಯವಾಗಿಯೇ ಕಾಣುತ್ತದೆ. ತಾಳ್ಮೆಗೆ ಬಹುಮಾನ ಕೊಟ್ಟಂತೆಯೂ ಇದೆ. ಆದರೆ ಆ ಗಣಕಯಂತ್ರಕ್ಕೆ ಒಂದು ಸಂಗತಿಯನ್ನು ತಿಳಿಯುವ ಬಗೆ ಇರಲಿಲ್ಲ: ಈತ ಏಕೆ ಕಾಯಲಾರ? ವ್ಯಾಪಾರದ ಒಪ್ಪಂದಕ್ಕೆ ಧಾವಿಸುವವನೂ, ಸಾಯುತ್ತಿರುವ ತಾಯಿಯ ಬಳಿಗೆ ಧಾವಿಸುವವನೂ ಅದರ ಕಣ್ಣಿಗೆ ಒಂದೇ. ಇಬ್ಬರೂ ತರಾತುರಿಯ ಗಿರಾಕಿಗಳು, ಹಣವಿದ್ದವನು ಹತ್ತುತ್ತಾನೆ. ಬೆಲೆಯೆಂಬುದು ಅವಸರವನ್ನು ಅಳೆಯಬಲ್ಲದು, ಅಗತ್ಯವನ್ನು ಅಳೆಯಲಾರದು.

ಡೇಜೆಟ್ ಒಂದು ವರ್ಷವೂ ಬಾಳಲಿಲ್ಲ. ಹಣಕಾಸಿನ ಮುಗ್ಗಟ್ಟು ತಲೆದೋರಿದಾಗ ಹೊಸ ಬಂಡವಾಳ ಹುಟ್ಟದೆ 2008ರ ಸೆಪ್ಟೆಂಬರಿನಲ್ಲಿ ಸೇವೆ ನಿಂತುಹೋಯಿತು. ಅದೇ ನವೆಂಬರಿನಲ್ಲಿ ವಿಮಾನಗಳನ್ನು ತಯಾರಿಸಿದ ಎಕ್ಲಿಪ್ಸ್ ಕಂಪನಿಯೂ ದಿವಾಳಿಯೆದ್ದಿತು. ಸಾವಿರ ವಿಮಾನಗಳ ಕನಸಿಗೆ ನಿಜವಾಗಿ ದೊರೆತವು 28.

ನಮ್ಮ ದೇಶ ಇನ್ನೊಂದು ದಾರಿ ಹಿಡಿಯಿತು. 2016ರಲ್ಲಿ ರೂಪುಗೊಂಡ ‘ಉಡಾನ್’ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲಿನಲ್ಲಿ ಶಿಮ್ಲಾದಿಂದ ದೆಹಲಿಗೆ ಹಾರಿತು. ಹವಾಯಿ ಚಪ್ಪಲಿ ತೊಟ್ಟವನೂ ವಿಮಾನ ಹತ್ತಬೇಕೆಂಬುದು ಅಂದಿನ ಘೋಷಣೆ. ಅರ್ಧದಷ್ಟು ಆಸನಗಳಿಗೆ ಗಂಟೆಯ ಪ್ರಯಾಣಕ್ಕೆ ಸುಮಾರು 2,500 ರೂಪಾಯಿಯ ಮಿತಿ. ಕಂಪನಿಗೆ ಆಗುವ ನಷ್ಟವನ್ನು ಮೂರು ವರ್ಷ ತುಂಬಿಕೊಡುವ ಭರವಸೆ. ಈ ಹಣದ ಬಹುಭಾಗ ಮಹಾನಗರಗಳ ನಡುವಣ ವಿಮಾನಗಳ ಮೇಲೆ ಹಾಕಿದ ಶುಲ್ಕದಿಂದ ಬರುತ್ತದೆ. ಅಂದರೆ ಮುಂಬಯಿಗೆ ಹಾರುವವನು ಹುಬ್ಬಳ್ಳಿಗೆ ಹಾರುವವನ ಟಿಕೆಟಿಗೆ ಪುಡಿಗಾಸು ಸೇರಿಸುತ್ತಾನೆ. ಬಲ್ಲಿದನ ಕೈಯಿಂದ ಕಿಂಚಿತ್ತು ಪಡೆದು ದೂರದವನಿಗೆ ಕೊಡುವ ಈ ಏರ್ಪಾಡು ನನಗೆ ಮೆಚ್ಚುಗೆಯೇ. ಇದೇ ಯೋಜನೆಯಡಿ 2021ರ ಜನವರಿಯಲ್ಲಿ ಚಂಡೀಗಢದಿಂದ ಹಿಸಾರಿಗೆ ನಾಲ್ಕು ಆಸನಗಳ ಪುಟ್ಟ ವಿಮಾನವೊಂದು ‘ಏರ್ ಟ್ಯಾಕ್ಸಿ’ ಎಂಬ ಹೆಸರಿನಲ್ಲಿಯೇ ಹಾರಾಟ ಆರಂಭಿಸಿತು. ಆದರೆ ನಷ್ಟ ತುಂಬಿಕೊಡುವುದು ನಿಂತ ಮೇಲೆ ಏನಾಯಿತು? ದೇಶದ ಮಹಾಲೇಖಪಾಲರ 2023ರ ವರದಿ ಹೇಳುವಂತೆ, ಹಂಚಿಕೆಯಾದ 774 ಮಾರ್ಗಗಳಲ್ಲಿ ಹಾರಾಟ ಆರಂಭವಾದದ್ದು 371ರಲ್ಲಿ. ಮೂರು ವರ್ಷ ಪೂರೈಸಿದ್ದು 112. ಆ ಬಳಿಕವೂ 2023ರ ಮಾರ್ಚಿನವರೆಗೆ ಉಳಿದದ್ದು 54.

ಇಲ್ಲಿ ಇವಾನ್ ಇಲಿಚ್ ಅವರನ್ನು ನೆನೆಯದಿರಲಾರೆ. ಗುರುದೀಕ್ಷೆ ಪಡೆದಿದ್ದ ಈ ಚಿಂತಕರು 1974ರಲ್ಲಿ ಇಂಧನ ಮತ್ತು ಸಮಾನತೆಯನ್ನು ಕುರಿತು ಒಂದು ಕಿರುಹೊತ್ತಗೆ ಬರೆದರು. ಅಮೆರಿಕದ ಒಬ್ಬ ಸಾಮಾನ್ಯ ಮನುಷ್ಯ ಕಾರಿನಲ್ಲಿ ಕೂರುವ ಹೊತ್ತು, ಆ ಕಾರಿನ ಕಂತು, ವಿಮೆ, ಪೆಟ್ರೋಲುಗಳಿಗಾಗಿ ದುಡಿಯುವ ಹೊತ್ತು ಎಲ್ಲವನ್ನೂ ಅವರು ಕೂಡಿಸಿದರು. ವರ್ಷಕ್ಕೆ 1,600 ಗಂಟೆಗಳಾದವು. ಅಷ್ಟರಲ್ಲಿ ಆತ ಕ್ರಮಿಸಿದ್ದು 7,500 ಮೈಲಿ. ಭಾಗಿಸಿದರೆ ಗಂಟೆಗೆ ಐದು ಮೈಲಿಯೂ ಇಲ್ಲ. ಚುರುಕಾಗಿ ನಡೆಯುವವನಿಗಿಂತ ತುಸು ಮುಂದೆ, ಅಷ್ಟೇ! ಅಣ್ಣ ಆಸ್ಪತ್ರೆಯ ಹಾಸಿಗೆಯಿಂದ ಹಾಕಿಸಿದ ಲೆಕ್ಕವೂ ಇದೇ ಜಾತಿಯದು. ಇಲಿಚ್ ಅಲ್ಲಿಗೆ ನಿಲ್ಲುವುದಿಲ್ಲ. ಒಂದು ಮಿತಿಯನ್ನು ದಾಟಿದ ವೇಗದಲ್ಲಿ ಒಬ್ಬನು ಸಮಯ ಉಳಿಸಿದನೆಂದರೆ ಮತ್ತೊಬ್ಬನ ಸಮಯ ಎಲ್ಲೋ ಹಾಳಾಗಿರಲೇಬೇಕು ಎಂಬುದು ಅವರ ವಾದದ ತಿರುಳು.

ಇದು ನಿಜವೇ? ನಮ್ಮ ಜಿಲ್ಲೆಯನ್ನೇ ಮುಂದಿಟ್ಟುಕೊಂಡು ಪರೀಕ್ಷಿಸೋಣ.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ನಾಡಿಗೆ ಬೆಳಕು ಬಂದಿತು. ಭದ್ರಾವತಿಯ ಮನೆಗಳಿಗೂ ಬಂದಿತು. ಶರಾವತಿಯ ಹಿನ್ನೀರು ಸಾಗರ ತಾಲ್ಲೂಕಿನ ತುಮರಿ ಸೀಮೆಯನ್ನು ಹೊರಜಗತ್ತಿನಿಂದ ಬೇರ್ಪಡಿಸಿತು. ಆ ಜನರಿಗೆ ದಾಟಲು ಲಾಂಚ್ ಒಂದೇ ಗತಿ. ಹಗಲಿನಲ್ಲಿ ಅದು ಬರುವವರೆಗೆ ದಡದಲ್ಲಿ ಕಾಯಬೇಕು. ಕತ್ತಲಾದರೆ ಅದೂ ಇಲ್ಲ. ರಾತ್ರಿ ಹೆರಿಗೆಯ ನೋವು ಕಾಣಿಸಿಕೊಂಡವಳು, ಹಾವು ಕಚ್ಚಿಸಿಕೊಂಡವನು ಕಾಡುದಾರಿಯಲ್ಲಿ ಬಹುದೂರ ಸುತ್ತಿ ಆಸ್ಪತ್ರೆ ಸೇರಬೇಕಾಗಿತ್ತು. ಸಿಗಂದೂರಿಗೆ ಹೋಗುವ ಭಕ್ತರಿಗೆ ಲಾಂಚ್ ಪ್ರಯಾಣವೆಂದರೆ ಒಂದು ವಿನೋದ. ದಡದ ಜನರಿಗೆ ಅದು ಪ್ರತಿದಿನದ ಗಡಿಯಾರ. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಉದ್ದ 2.44 ಕಿಲೋಮೀಟರ್, ವೆಚ್ಚ ಸುಮಾರು 473 ಕೋಟಿ ರೂಪಾಯಿ.

ಎರಡು ಮೊತ್ತಗಳನ್ನೂ ಒಮ್ಮೆ ಅಕ್ಕಪಕ್ಕದಲ್ಲಿಟ್ಟು ನೋಡಿ. ಒಂದೇ ಜಿಲ್ಲೆ, ಹೆಚ್ಚುಕಡಿಮೆ ಒಂದೇ ಮೊತ್ತ. ಬೆಂಗಳೂರನ್ನು ಒಂದು ಗಂಟೆ ಚಿಲ್ಲರೆಯಲ್ಲಿ ತಲುಪುವ ದಾರಿ 2023ರಲ್ಲಿ ಬಂತು; ಹಿನ್ನೀರು ದಾಟುವ ದಾರಿ 2025ರಲ್ಲಿ, ಅರವತ್ತು ವರ್ಷ ಕಾಯಿಸಿ, ಬಂತು. ಒಂದನ್ನು ಕಟ್ಟಿದ್ದು ರಾಜ್ಯ ಸರ್ಕಾರ, ಇನ್ನೊಂದು ಕೇಂದ್ರದ ಹೆದ್ದಾರಿ ಹಣ. ಒಂದರ ದುಡ್ಡನ್ನು ಕಸಿದು ಇನ್ನೊಂದಕ್ಕೆ ಹಾಕಿದರೆಂದು ಹೇಳಿದರೆ ಅದು ಅನ್ಯಾಯವಾದೀತು. ಹಾಗಾಗಿ ಇಲಿಚ್ ಅವರ ಮಾತನ್ನು ಅಕ್ಷರಶಃ ಒಪ್ಪಲಾರೆ. ತುಮರಿಯವನ ಗಂಟೆಯನ್ನು ವಿಮಾನ ಹತ್ತಿದ ನಾನು ಕದಿಯಲಿಲ್ಲ. ಆದರೂ ಸರದಿಯೆಂಬುದು ಒಂದಿದೆ. ವಿದ್ಯುತ್ತಿಗಾಗಿ ತನ್ನ ದಾರಿಯನ್ನೇ ಮುಳುಗಿಸಿಕೊಂಡವನು ಆ ಸರದಿಯಲ್ಲಿ ನನಗಿಂತ ಆರು ದಶಕ ಮುಂದೆ ನಿಂತಿದ್ದ. ನಾನು ಅವನನ್ನು ದಾಟಿ ಮುಂದೆ ಹೋದೆ. ನೂಕಲಿಲ್ಲ ನಿಜ, ಅವನು ಅಲ್ಲಿ ನಿಂತಿದ್ದಾನೆಂಬುದೇ ನನಗೆ ಕಾಣಲಿಲ್ಲ. ಜೆರಿಕೊ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಬಿಟ್ಟುಹೋದ ಇಬ್ಬರು ಅವನನ್ನು ನೋಡಿಯಾದರೂ ಪಕ್ಕಕ್ಕೆ ಸರಿದುಹೋದರು. ಆಕಾಶದಿಂದ ಹೋಗುವವನಿಗೆ ಆ ನೋಟದ ಸಂಕಟವೂ ಇಲ್ಲ.

ಭದ್ರಾವತಿಯ ಮಾತನ್ನೂ ಹೇಳಲೇಬೇಕು. ಅದು ಕಾರ್ಖಾನೆಯ ಸೈರನ್ನಿನಿಂದ ಎದ್ದು, ಉಂಡು, ಮಲಗಿದ ಊರು. ವಿಶ್ವೇಶ್ವರಯ್ಯನವರ ಕಾಲದಲ್ಲಿ 1918ರಲ್ಲಿ ಮೊದಲಾದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ. ಇವೆರಡೂ ಊರಿಗೆಲ್ಲ ಒಂದೇ ಕಾಲವನ್ನು ಹಂಚಿದ್ದವು. ಪಾಳಿ ಮುಗಿಸಿ ಬಂದ ಅಣ್ಣನೊಡನೆ ನಾವೆಲ್ಲ ಊಟಕ್ಕೆ ಕೂರುತ್ತಿದ್ದೆವು. ನೆರೆಮನೆಯವರೂ ಅದೇ ಹೊತ್ತಿಗೆ ಕೂರುತ್ತಿದ್ದರು. ಪಾಳಿಯ ದುಡಿಮೆ ಸುಖದ್ದೆಂದು ನಾನು ಹೇಳುವುದಿಲ್ಲ, ಅಣ್ಣನ ಬೆನ್ನನ್ನು ಕೇಳಿದರೆ ಅದು ಬೇರೆಯೇ ಕಥೆ ಹೇಳೀತು. ಆದರೆ ಆ ಸಮಯ ಎಲ್ಲರದಾಗಿತ್ತು. ಕಾಗದದ ಕಾರ್ಖಾನೆ 2015–16ರ ಹೊತ್ತಿಗೆ ಉತ್ಪಾದನೆ ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದದ್ದು 2023ರ ಜನವರಿಯಲ್ಲಿ. ಗುತ್ತಿಗೆ ಕಾರ್ಮಿಕರು ಧರಣಿ ಕುಳಿತಿದ್ದ ಆ ದಿನಗಳಲ್ಲಿಯೇ ಕೆಲವು ಮೈಲಿಗಳಾಚೆ ಸೋಗಾನೆಯಲ್ಲಿ ಉದ್ಘಾಟನೆಯ ಚಪ್ಪರ ಏಳುತ್ತಿತ್ತು. ಮುಂದೆ ಅದೇ ವರ್ಷ ಉತ್ಪಾದನೆ ಭಾಗಶಃ ಮರಳಿ ಆರಂಭವಾಯಿತಾದರೂ ಮನೆಗಳಲ್ಲಿನ ಆತಂಕ ತೀರಲಿಲ್ಲ. ಕೆಲಸ ಕಳೆದುಕೊಂಡವನ ಬಳಿ ಸಮಯ ಬೇಕಾದಷ್ಟಿದೆ. ಅದನ್ನು ಉಳಿಸಿಕೊಡುತ್ತೇವೆಂದು ಅವನಿಗೆ ಯಾರು ಹೇಳಬಲ್ಲರು? ವಿಮಾನ ಬಂದರೆ ಉದ್ಯಮಗಳು ಬರುತ್ತವೆ, ಉದ್ಯಮ ಬಂದರೆ ಆ ಮನೆಗಳ ಮಕ್ಕಳಿಗೆ ಕೆಲಸ ಸಿಗುತ್ತದೆ ಎನ್ನುತ್ತಾರೆ. ಆಗಲಿ, ಆ ದಿನ ಬಂದಾಗ ನನ್ನ ಈ ಮಾತನ್ನು ಸಂತೋಷದಿಂದ ಹಿಂದೆ ತೆಗೆದುಕೊಳ್ಳುತ್ತೇನೆ.

ಇಷ್ಟೆಲ್ಲ ಬರೆದ ಮೇಲೂ ಒಂದು ಮುಖ ನನ್ನ ವಾದಕ್ಕೆ ಅಡ್ಡ ನಿಲ್ಲುತ್ತದೆ. ಅಣ್ಣನ ವಾರ್ಡಿನ ಹೊರಗೆ ಬೆಂಚಿನ ಮೇಲೆ ಒಬ್ಬ ತರುಣ ಕುಳಿತಿದ್ದ. ನಾನು ಬಂದ ವಿಮಾನದಲ್ಲಿಯೇ ಬಂದವನು. ಹಿಂದಿನ ರಾತ್ರಿ ಹೈದರಾಬಾದಿನಿಂದ ಹೊರಟು ಬೆಂಗಳೂರಿನ ನಿಲ್ದಾಣದಲ್ಲಿಯೇ ರಾತ್ರಿ ಕಳೆದು ಬಂದಿದ್ದ. ತಾಯಿ ತೀವ್ರ ನಿಗಾ ಘಟಕದಲ್ಲಿದ್ದರು. ಅವನು ತಲುಪಿದ ಮೇಲೆ ಒಂದೂವರೆ ಗಂಟೆ ಅವರು ಜೀವಂತವಾಗಿದ್ದರಂತೆ. “ಕೈ ಹಿಡ್ಕೊಂಡಿದ್ರು ಅಂಕಲ್, ಗುರುತು ಸಿಕ್ತು ಅವರಿಗೆ” ಎಂದ. ಅವನ ಲೆಕ್ಕದಲ್ಲಿ ಆ ಒಂದೂವರೆ ಗಂಟೆಗೆ ಎಷ್ಟು ಕೋಟಿ ಕಟ್ಟಬೇಕು? ಇಲಿಚ್ ಅವರ ಭಾಗಾಕಾರ ಅಲ್ಲಿ ನಡೆಯುವುದಿಲ್ಲ. ನನ್ನ ಗಂಟೆಗೂ ಅವನ ಗಂಟೆಗೂ ಒಂದೇ ಟಿಕೆಟು, ಒಂದೇ ಸಾಲು, ಬಹುಶಃ ಒಂದೇ ದರ. ಗಡಿಯಾರದಲ್ಲಿ ಎರಡೂ ಅರವತ್ತು ನಿಮಿಷವೇ. ಆದರೆ ಅವು ಒಂದೇ ವಸ್ತುವಲ್ಲ. ಗಂಟೆಯ ತೂಕವನ್ನು ನಿರ್ಧರಿಸುವುದು ಆ ತುದಿಯಲ್ಲಿ ಕಾಯುತ್ತಿರುವವರು. ಬೆಲೆಯೆಂಬುದು ನೋಡಲಾರದ ಈ ಭೇದವನ್ನು ನಾವು ನೋಡಬಲ್ಲೆವೆಂಬ ಒಂದೇ ಕಾರಣಕ್ಕಾಗಿ ಸಾರ್ವಜನಿಕ ಹಣವೆಂಬುದೊಂದಿದೆ ಎಂದು ನಾನು ತಿಳಿದಿದ್ದೇನೆ. ಯಾರ ಗಂಟೆಯಲ್ಲಿ ಪ್ರಾಣವಿದೆಯೋ ಅದು ಮೊದಲು. ಯಾರ ಗಂಟೆಯಲ್ಲಿ ಅನ್ನವಿದೆಯೋ ಅದು ಆಮೇಲೆ. ನನ್ನಂಥವನ ಅನುಕೂಲ ಅದರ ನಂತರ. ಮೂರು ಆಸನಗಳ ಪುಟ್ಟ ವಿಮಾನವೊಂದು ಎಂದಾದರೂ ನಮ್ಮ ರನ್‌ವೇಗೆ ಬಂದರೆ ಅದು ಮೊದಲು ಯಾರಿಗಾಗಿ ಇಳಿಯುತ್ತದೆ, ಕಾರ್ಖಾನೆ ಕೊಳ್ಳಲು ಬರುವವನಿಗಾಗಿಯೋ, ಹೃದಯ ಕೈಕೊಟ್ಟ ಕೂಲಿಯವನಿಗಾಗಿಯೋ ಎಂಬುದನ್ನು ನೋಡಲು ನಾನು ಕಾದಿದ್ದೇನೆ.

ಅಣ್ಣ ಚೇತರಿಸಿಕೊಂಡ ಮೇಲೆ ಒಂದು ಸಂಜೆ ವಿಮಾನ ನೋಡಬೇಕೆಂದ. ಇಬ್ಬರೂ ಸೋಗಾನೆಗೆ ಹೋದೆವು. ನಿಲ್ದಾಣದ ಹೊರಗೆ ತಂತಿಬೇಲಿಯ ಬಳಿ ಒಂದಿಷ್ಟು ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು. ನಮ್ಮ ಪಕ್ಕದಲ್ಲಿ ವಯಸ್ಸಾದ ರೈತರೊಬ್ಬರು. ಈ ನಿಲ್ದಾಣಕ್ಕಾಗಿ ಉಳುಮೆಯ ನೆಲ ಬಿಟ್ಟುಕೊಟ್ಟವರು ತಮಗೆ ಸಿಗಬೇಕಾದ ನಿವೇಶನಗಳಿಗಾಗಿ ದನಿಯೆತ್ತಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೆ. ಅವರು ಅಂಥವರಲ್ಲಿ ಒಬ್ಬರು. ಅಣ್ಣ ಅವರನ್ನು ಮಾತಿಗೆಳೆದ.

“ನಿಮ್ದು ಯಾವ ಕಡೆ ಇತ್ತು ಯಜಮಾನ್ರೇ?”

ಅವರು ಕೈಯೆತ್ತಿ ರನ್‌ವೇಯ ಕಡೆ ತೋರಿಸಿದರು. “ಅಲ್ಲಿ ಹುಣಸೆಮರ ಇತ್ತು. ಅದರ ಮಗ್ಗುಲಿಗೆ ಬಾವಿ.” ನಾವು ನೋಡಿದೆವು. ಕಪ್ಪು ಡಾಂಬರಿನ ಹೊರತು ಬೇರೇನೂ ಕಾಣಲಿಲ್ಲ. ಅಷ್ಟರಲ್ಲಿ ಮಕ್ಕಳು ಕೂಗಿದರು. ಬೆಂಗಳೂರಿನ ವಿಮಾನ ದೀಪ ಹೊತ್ತಿಸಿಕೊಂಡು ಇಳಿಯುತ್ತಿತ್ತು. ಅದು ನೆಲ ಮುಟ್ಟಿ ನಮ್ಮ ಮುಂದೆ ಹಾದುಹೋಯಿತು. ಯಜಮಾನರು ಅದನ್ನು ಕೊನೆಯವರೆಗೂ ನೋಡಿದರು. ಅವರ ಮುಖದಲ್ಲಿ ಕೋಪವಿತ್ತೆಂದು ನನಗೆ ಅನ್ನಿಸಲಿಲ್ಲ. “ಎಷ್ಟಂತೆ ಟಿಕೇಟು?” ಎಂದು ಕೇಳಿದರು. ನಾನು ಕೊಟ್ಟ ಮೊತ್ತವನ್ನು ಹೇಳಿದೆ. ಅವರು ತಲೆಯಾಡಿಸಿ, ಕತ್ತಲಾಗುವುದರೊಳಗೆ ಮನೆ ಸೇರಬೇಕು, ಬಸ್ಸು ಹೊರಟುಬಿಡುತ್ತದೆ ಎಂದು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ರಸ್ತೆಯ ಕಡೆ ಬಿರಬಿರನೆ ನಡೆದರು.